ಕಾರು ನಿಲ್ಲಿಸುವ ಕಣ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಕಾಂಪೌಂಡ್ ಗೋಡೆಯ ಮೇಲೆ ಬಗೆಬಗೆಯ ಕಲ್ಲಿನ ತುಂಡುಗಳನ್ನು ಜೋಡಿಸಿಟ್ಟು, "ಸಾರ್, ಗೇಟಿಂದ ಬಾಗ್ಲವರೆಗೂ ಹಾಕ್ಸಬೇಕು. ನೀವ್ ಎಕ್ಸ್‌ಪೀರಿಯೆನ್ಸ್ ಇರೋರು, ಒಂದು ಸೆಲೆಕ್ಟ್ ಮಾಡ್ಕೊಡಿ" ಅಂದರು. ನನ್ನನ್ನು ಅನುಭವಸ್ಥನೆಂದು ಇದುವರೆಗೆ ಕರೆದವರು ಅವರೊಬ್ಬರೇ. ಆ ಮರ್ಯಾದೆ ಉಳಿಸಿಕೊಳ್ಳಲು ಒಂದೊಂದೇ ತುಂಡನ್ನು ಎತ್ತಿ, ಹಲಸಿನ ಹಣ್ಣು ಕೊಳ್ಳುವವನ ಹಾಗೆ ಬೆರಳಿನಿಂದ ಬಡಿದು ನೋಡಿ, ಗಂಭೀರವಾಗಿ ತಲೆಯಾಡಿಸಿದೆ. ಆದರೆ ನೆನಪಾದದ್ದು ದೊಡ್ಡಪ್ಪ.

ನಮ್ಮದು ವರ್ತೂರಿನ ಹಳೇ ಮನೆತನ. ಹಾಗೆಂದರೆ ದೊಡ್ಡದೇನಲ್ಲ, ಅಪಾರ್ಟ್‌ಮೆಂಟಿನವರು ಬರುವುದಕ್ಕೆ ಮೊದಲೇ ಇಲ್ಲಿನ ಸೊಳ್ಳೆಗಳಿಗೆ ನಮ್ಮ ಪರಿಚಯವಿತ್ತು, ಅಷ್ಟೆ. ಹೊಲಗಳು ಹೋಗಿ ಬಾಡಿಗೆ ಮನೆಗಳಾದವು. ನನ್ನ ಅಪ್ಪನ ಅಣ್ಣ, ಮದುವೆಯಾಗದೆ ನಮ್ಮ ಜೊತೆಯಲ್ಲೇ ಉಳಿದ ದೊಡ್ಡಪ್ಪ ಮಾತ್ರ ರಾಗಿ ಬೆಳೆಯುವುದನ್ನು ಬಿಡಲಿಲ್ಲ. ಯಾರೋ ಕೊಂಡು ಹಾಗೇ ಬಿಟ್ಟಿದ್ದ ಲೇಔಟಿನ ಖಾಲಿ ಸೈಟುಗಳಲ್ಲಿ, ಮಳೆ ಬಿದ್ದ ಕೂಡಲೇ ಬಿತ್ತಿಬಿಡುತ್ತಿದ್ದ. ಮಾಲೀಕರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆತುರವೂ ಇರಲಿಲ್ಲ. ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ರಾಯಚೂರಿನ ಮಲ್ಲಪ್ಪ ಒಮ್ಮೆ ಕೇಳಿಯೇಬಿಟ್ಟ: "ಯಜಮಾನ್ರ, ನಾವು ಹೊಲ ಬಿಟ್ಟು ಬೆಂಗಳೂರಿಗೆ ಬಂದೀವಿ. ನೀವು ಬೆಂಗಳೂರಾಗ ಹೊಲ ಮಾಡಾಕತ್ತೀರಲ್ರೀ."

ಬೆಳೆಯುವುದೇನೋ ಸರಿ, ಒಕ್ಕಣೆ ಎಲ್ಲಿ? ಹಿಂದೆ ಕಣವಿದ್ದ ಜಾಗದಲ್ಲಿ ಈಗ ನಮ್ಮ ಮನೆಯೇ ನಿಂತಿದೆ. ದೊಡ್ಡಪ್ಪ ತೆನೆಯನ್ನು ಸೀದಾ ರಸ್ತೆಗೆ ಹಾಸುತ್ತಿದ್ದ. ಕಂಪನಿ ಕ್ಯಾಬುಗಳೂ ನೀರಿನ ಟ್ಯಾಂಕರುಗಳೂ ಅದನ್ನು ಪುಕ್ಕಟೆಯಾಗಿ ತುಳಿದುಕೊಡುತ್ತಿದ್ದವು. ಅಷ್ಟೊಂದು ಓದಿದವರು ನಮ್ಮ ಒಕ್ಕಣೆಗೆ ಕೈಹಾಕಿದ್ದು ವಂಶದಲ್ಲೇ ಮೊದಲು. ಒಂದು ದಿನ ಸ್ಕೂಟರಿನ ಹುಡುಗಿಯೊಬ್ಬಳು ಹುಲ್ಲಿನ ಮೇಲೆ ಜಾರಿ ಬಿದ್ದಳು. ಪೆಟ್ಟೇನೂ ಆಗಲಿಲ್ಲ. ಆದರೆ ಪೊಲೀಸರು ಬಂದು, ಇನ್ನೊಂದು ಸಲ ರಸ್ತೆಗೆ ತೆನೆ ಹಾಕಿದರೆ ಕೇಸು ಜಡಿಯುತ್ತೇವೆ ಅಂದರು. ಕಣವೇ ಇಲ್ಲದ ಮೇಲೆ ಬಿತ್ತಿ ಏನು ಪ್ರಯೋಜನ? ದೊಡ್ಡಪ್ಪ ಸರಿಯಾಗಿ ಊಟ ಮಾಡುವುದನ್ನೂ ಬಿಟ್ಟ.

ಅದೇ ಹೊತ್ತಿಗೆ ನಾನು ಕಾರು ಕೊಂಡೆ. ಗೇಟಿನೊಳಗಿನ ಕೆಸರಿಗೆ ಏನಾದರೂ ಹಾಸಲೇಬೇಕಾಯಿತು. ಸುದ್ದಿ ಕೇಳಿದ್ದೇ ತಡ, ದೊಡ್ಡಪ್ಪ ಒಗೆದ ಪಂಚೆ ಉಟ್ಟು ಕಲ್ಲಿನ ಅಂಗಡಿಗೆ ಹೊರಟುನಿಂತ. ನನ್ನ ಹೆಂಡತಿ ಅದಾಗಲೇ ಫೋನಿನಲ್ಲಿ ಕೆಂಪು ಬೂದು ಬಣ್ಣದ ಇಂಟರ್‌ಲಾಕ್ ಬಿಲ್ಲೆಗಳನ್ನು ನೋಡಿಟ್ಟುಕೊಂಡಿದ್ದಳು.

ಅಂಗಡಿಯಲ್ಲಿ ದೊಡ್ಡಪ್ಪ ಹೆಣ್ಣು ನೋಡಲು ಬಂದ ಬೀಗರಂತೆ ಎಲ್ಲದಕ್ಕೂ ಕೊಂಕು ತೆಗೆದ. ಗ್ರಾನೈಟ್ ಜಾರುತ್ತದೆ. ಕಡಪ ಕಲ್ಲು ಬಿಸಿಲಿಗೆ ಕಾದು ರೊಟ್ಟಿ ಹಂಚಾಗುತ್ತದೆ. "ಯಾವ ಗಾಡಿ ನಿಲ್ಲೋದು ಸಾರ್?" ಎಂದು ಅಂಗಡಿಯವನು ಕೇಳಿದಾಗ, "ಗಾಡಿ ಅಂಗಿರ್ಲಿ ಕಣಪ್ಪ, ರಾಗಿಗೆ ಯಾವ್ದು ಆಯ್ತದೆ ಏಳು" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಬಿಲ್ಲೆ ಆಕಿದ್ರೆ ಸಂದೀಗೆ ಕಾಳೆಲ್ಲ ಓಯ್ತದೆ ಕಣ್ಲಾ. ಬರೀ ಸಿಮೆಂಟ್ ಆಕ್ಸು, ನುಣ್ಣಗೆ. ನಿನ್ ಕಾರ್ನ ಇಂದ್ಕೂ ಮುಂದ್ಕೂ ಓಡ್ಸು. ರೋಣಗಲ್ಲು ಎಳೆಯೋ ಎತ್ತಿನ ಕೆಲ್ಸ ಅದೇ ಮಾಡ್ತದೆ" ಎಂದು ಯೋಜನೆ ಬಿಚ್ಚಿಟ್ಟ.

"ಸಿಮೆಂಟ್ ಹಾಕ್ಸಿದ್ರೆ ಪೆಟ್ರೋಲ್ ಬಂಕ್ ಥರ ಕಾಣ್ಸುತ್ತೆ ಮಾವ" ಅಂದಳು ಜೊತೆಗೇ ಬಂದಿದ್ದ ನನ್ನ ಹೆಂಡತಿ.

ಇಂಟರ್‌ಲಾಕ್ ಬಂತು. ದೊಡ್ಡಪ್ಪನೂ ಹಟ ಬಿಡದೆ ಬಿತ್ತಿ, ಕೊಯ್ದು, ತೆನೆಯನ್ನು ನಮ್ಮ ಹೊಸ ನೆಲಕ್ಕೇ ತಂದು ಸುರಿದ. ಕೆಳಗೆ ಟಾರ್ಪಾಲ್ ಹಾಸಿದೆವು. ನಾನು ಕಾರನ್ನು ಹಿಂದೆ ಮುಂದೆ ಓಡಿಸಿದೆ. ಅವನು ಮುಂದೆ ನಿಂತು, "ಓ... ಬಾ... ಬಾ..." ಎಂದು ಎತ್ತಿಗೆ ಹೇಳಿದಂತೆ ಹೇಳುತ್ತಿದ್ದ. ಟಾರ್ಪಾಲ್ ಚಿಂದಿಯಾಯಿತು, ಅರ್ಧಕ್ಕರ್ಧ ಕಾಳು ಬಿಲ್ಲೆಗಳ ಸಂದಿ ಸೇರಿತು. ಅವನು ತೆಂಗಿನ ಕಡ್ಡಿ ಹಿಡಿದು ಕುಕ್ಕರಗಾಲಲ್ಲಿ ಕೂತು ಕೆದಕಿ ಕೆದಕಿ ಸೋತ. ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ ಕಾರಿನ ಹೊಟ್ಟೆಯಿಂದ ಹುಲ್ಲು ಎಳೆದು ತೋರಿಸಿ, "ಗಾಡಿಗೆ ಮೇವು ಹಾಕ್ತೀರಾ ಸಾರ್?" ಎಂದು ಕೇಳಿದ. ನನಗೆ ಮಾನ ಹೋದಂತಾಯಿತು.

ಆ ಬೇಸಿಗೆಯಲ್ಲಿ ಲೇಔಟಿನ ಸೈಟುಗಳಿಗೆಲ್ಲ ತಗಡಿನ ಬೇಲಿ ಬಿತ್ತು, ಜೆಸಿಬಿ ಬಂತು. ದೊಡ್ಡಪ್ಪ ದಿನಾ ಹೋಗಿ ಬೇಲಿಯ ಸಂದಿಯಿಂದ ಇಣುಕಿ ಬರುತ್ತಿದ್ದ. ಬಿತ್ತಲು ಒಂದಡಿ ನೆಲವೂ ಉಳಿಯಲಿಲ್ಲ. ಆಮೇಲೆ ಮಳೆ ಬಂತು, ನಮ್ಮ ಬಿಲ್ಲೆಗಳ ಸಂದಿಯಲ್ಲೆಲ್ಲ ಹಸಿರು ಎದ್ದಿತು. ಹೆಂಡತಿ ಕಳೆ ಸಾಯಿಸುವ ಔಷಧಿಯ ಬಾಟಲಿ ಹಿಡಿದು ಬಂದಳು. ದೊಡ್ಡಪ್ಪ ಗೇಟಿನ ಹತ್ತಿರ ನೆಲಕ್ಕೆ ಕೂತುಬಿಟ್ಟ.

"ಇದು ಕಳೆ ಅಲ್ಲ ಕಣವ್ವಾ. ಪೈರು."

ಅವಳು ಬಾಟಲಿಯನ್ನು ಒಳಗಿಟ್ಟು ಬಂದಳು. "ರೀ, ಕಾರ್ ಹೊರಗೇ ನಿಲ್ಸಿ" ಅಂದಳು ನನಗೆ. ಹೀಗೆ ಕಾರಿಗೆಂದು ಹಾಕಿಸಿದ ನೆಲದಲ್ಲಿ ರಾಗಿ ನಿಂತಿತು, ಕಾರು ರಸ್ತೆಯಲ್ಲಿ ನಿಂತು ಕಾಗೆಗಳಿಂದ ಅಭಿಷೇಕ ಮಾಡಿಸಿಕೊಂಡಿತು.

ತೆನೆ ಬಂದದ್ದು ಸಣಕಲು. ಕೊಯ್ದರೆ ಒಂದು ಹಿಡಿ. "ಕಾರ್ ತರ್ಲಾ ದೊಡ್ಡಪ್ಪ, ಒಕ್ಕಣೆಗೆ?" ಎಂದು ರೇಗಿಸಿದೆ. ಅವನು ತೆನೆಗಳನ್ನು ಎರಡೂ ಕೈಗಳ ನಡುವೆ ಇಟ್ಟು ಉಜ್ಜಿ, ಬಾಯಿಂದ ಊದಿ ಹೊಟ್ಟು ಹಾರಿಸಿದ.

"ಕಣ ಯಾಕ್ಲಾ ಇನ್ನು? ಇಷ್ಟಕ್ಕೆ ಅಂಗೈ ಸಾಕು" ಅಂದ.

ಮುಂದಿನ ಮಳೆಗೆ ಮೊದಲೇ ಅವನು ತೀರಿಕೊಂಡ.

ಪಕ್ಕದ ಮನೆಯವರಿಗೆ ನಾನು ಯಾವ ಕಲ್ಲನ್ನೂ ಆರಿಸಿಕೊಡಲಿಲ್ಲ, ಆಮೇಲೆ ಹೇಳುತ್ತೇನೆಂದು ಜಾರಿಕೊಂಡೆ. ಅವರು ಹೋಗುವಾಗ ನಮ್ಮ ಗೇಟಿನೊಳಗೆ ನೋಡಿ, "ಹುಲ್ಲು ಕೀಳ್ಸೋದಲ್ವಾ ಸಾರ್, ಚೆನ್ನಾಗಿರೋ ಬಿಲ್ಲೆ ಹಾಳಾಗುತ್ತೆ" ಅಂದರು. ಮೊನ್ನೆಯ ಮಳೆಗೆ ಸಂದಿಯಲ್ಲಿ ಎದ್ದದ್ದು ಬಹುಶಃ ಬರೀ ಹುಲ್ಲೇ. ಎಳೆಯದರಲ್ಲಿ ಹುಲ್ಲೂ ರಾಗಿಯೂ ಒಂದೇ ಥರ ಕಾಣುತ್ತವೆ. ದೊಡ್ಡಪ್ಪನಾಗಿದ್ದರೆ ನಿಂತಲ್ಲಿಂದಲೇ ಹೇಳುತ್ತಿದ್ದ. ನನಗೆ ಗೊತ್ತಾಗುವುದಿಲ್ಲ, ಅದಕ್ಕೆ ಎರಡನ್ನೂ ಕೀಳುವುದಿಲ್ಲ.