ಗುರುಗಿ ಕಡಿಸಿದ ವರ್ಷ

ನಾನು ಅಜ್ಜಂಪುರದ ಕಡೆಯ ಬಯಲುಸೀಮೆಯವನು. ನಮ್ಮಲ್ಲಿ ತಂಗಡಿ ಗಿಡವನ್ನು ಬುಡಮಟ್ಟ ಕಡಿದರೂ ಮುಂದಿನ ಮಳೆಗೆ ಮತ್ತೆ ಚಿಗುರಿ ನಿಲ್ಲುತ್ತದೆ. ಗಿಡ ಅಂದರೆ ಅಷ್ಟೇ ಅಂತ ತಿಳಿದುಕೊಂಡೇ ನಾನು ತರೀಕೆರೆ ಕಡೆಯ ಬೆಟ್ಟದ ಬುಡದ ಊರಿಗೆ ಮನೆ ಅಳಿಯನಾಗಿ ಬಂದದ್ದು. ಮಾವ ಆ ಊರಿನ ಪಟೇಲರು. ಮಂಡಿನೋವು ಹಿಡಿದು ಅವರು ಜಗಲಿಯಲ್ಲಿ ಕೂತಮೇಲೆ ಪಟೇಲಿಕೆ ಕೆಲಸವೆಲ್ಲ ನನ್ನ ಕೈಗೆ ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಆ ಅಲ್ಪ ನಾನೇ.

ಆ ವರ್ಷ ದಸರೆ ಕಳೆದ ಮೇಲೆ ಅಮಲ್ದಾರರು ನಮ್ಮೂರಲ್ಲಿ ಮೊಕ್ಕಾಂ ಮಾಡುತ್ತಾರೆ ಅಂತ ತಿಳಿಯಿತು. ಅದೇ ಹೊತ್ತಿಗೆ ಊರ ಮೇಲಿನ ಇಳಿಜಾರಿನಲ್ಲಿ ಗುರುಗಿ ಹೂ ಬಿಟ್ಟಿತ್ತು. ಹನ್ನೆರಡು ವರ್ಷಕ್ಕೊಂದು ಸಲ ಬಿಡುವ ಹೂ. ಆಳೆತ್ತರದ ಗಿಡಗಳು ಒತ್ತೊತ್ತಾಗಿ ನಿಂತು ಇಳಿಜಾರಿಗೆ ಇಳಿಜಾರೇ ನೀಲಿ. ಜೇನುಹುಳದ ಮೊರೆತ ನಮ್ಮ ಹಿತ್ತಲಿಗೇ ಕೇಳುತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅಮಲ್ದಾರರಿಗೆ ಒಂದು ಹೂವಿನ ಕಮಾನು, ಅವರ ಬಿಡಾರದ ತಡಿಕೆಗೆ ನೆಟ್ಟನೆಯ ಗಳ.

ಆಳುಗಳನ್ನು ಕರಕೊಂಡು ಹತ್ತಿದೆ. ಅಲ್ಲಿ ಜೇನು ಬಿಡಿಸಿ ಬದುಕುತ್ತಿದ್ದ ನಮ್ಮೂರವನೊಬ್ಬ ಇದ್ದ, ನನಗಿಂತ ಹಿರಿಯ. ಕುಡುಗೋಲು ನೋಡಿದವನೇ ಹೆಗಲ ವಸ್ತ್ರ ತೆಗೆದು ಕೈಮುಗಿದ.

"ಬುದ್ಧಿ, ಬೇಸಿಗೆ ಗಂಟ ಬಿಡಿ. ಇದು ಬುಡದಿಂದ ಚಿಗುರಾಕಿಲ್ಲ. ಬೀಜ ಸಿಡಿದ ಮೇಲೆ ತಾನೇ ಸಾಯ್ತದೆ. ಆಮೇಲೆ ಬೇಕಾದಷ್ಟು ಗಳ ನಾನೇ ಕಡ್ಕೊಡ್ತೀನಿ."

ಎಷ್ಟು ಸರಿಯಾದ ಮಾತು! ಆದರೆ ಅವನು ಅದನ್ನು ಆಳುಗಳ ಎದುರಿಗೆ ಹೇಳಿಬಿಟ್ಟಿದ್ದ. ಒಬ್ಬ ಆಳು ನಕ್ಕ ಹಾಗಾಯಿತು. ನನಗೆ ಪಿತ್ತ ನೆತ್ತಿಗೇರಿತು. ಕಮಾನಿಗೆ ನಾಲ್ಕು ಹೊರೆ ಸಾಕಿತ್ತು, ಬಿಡಾರಕ್ಕೆ ಇನ್ನೊಂದು ಹತ್ತು. ಇಡೀ ಇಳಿಜಾರನ್ನು ಬೋಳಿಸಿ ಅಂದೆ. ಮೂರು ದಿನ ಕಡಿದರು. ನಾನು ಬಂಡೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಾ ನೋಡಿದೆ. ಅವನೂ ದೂರದಲ್ಲಿ ಕೂತು ನೋಡಿದ. ಮಿಕ್ಕ ಹೊರೆಗಳು ಅಲ್ಲೇ ಬಿದ್ದು ಕೊಳೆತವು.

ಅಮಲ್ದಾರರು ಬರುವ ಹೊತ್ತಿಗೆ ಕಮಾನಿನ ಹೂವೆಲ್ಲ ಬಾಡಿ ಮುದುಡಿತ್ತು. ಇದೇನು ಒಣಸೊಪ್ಪು ಕಟ್ಟಿದ್ದೀರಿ ಅಂತ ಕೇಳಿ ಒಳಗೆ ಹೋದರು.

ಚಿಗುರುತ್ತದೆ ಅಂತ ನಾನು ಎರಡು ಮಳೆಗಾಲ ಕಾದೆ. ಒಂದು ಕೂಳೆಯೂ ಚಿಗುರಲಿಲ್ಲ. ಬರಿದಾದ ನೆಲಕ್ಕೆ ಹುಲ್ಲು ಬಂತು, ಹುಲ್ಲಿಗೆ ದನ ಬಂತು, ಬೇಸಿಗೆಯಲ್ಲಿ ಬೆಂಕಿಯೂ ಬಂತು. ಅಲ್ಲೊಂದು ಇಲ್ಲೊಂದು ಎದ್ದ ಸಸಿಯನ್ನೂ ಅವು ಬಿಡಲಿಲ್ಲ. ಜೇನಿನವನು ಕೆಮ್ಮಣ್ಣುಗುಂಡಿಯಲ್ಲಿ ಅದಿರು ಹೊರುವ ಕೂಲಿಗೆ ಹೋದ. ವಾರಕ್ಕೊಮ್ಮೆ ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಊರಿಗೆ ಬರುವನು. ಎದುರಾದರೆ ಮೊದಲಿನ ಹಾಗೇ ಕೈಮುಗಿಯುವನು. ಅವನು ಬರುವುದು ಕಂಡರೆ ನಾನೇ ದಾರಿ ಬದಲಾಯಿಸುತ್ತಿದ್ದೆ.

ಹನ್ನೆರಡು ವರ್ಷ ಕಳೆದು ಮತ್ತೆ ಹೂವಿನ ವರ್ಷ ಬಂತು. ಸುತ್ತಲ ಬೆಟ್ಟವೆಲ್ಲ ನೀಲಿ, ನಮ್ಮೂರ ಮೇಲಿನ ಇಳಿಜಾರು ಮಾತ್ರ ಬರೀ ಹುಲ್ಲು. ಬೆಟ್ಟದ ಅಮ್ಮ ಮುನಿದಿದ್ದಾಳೆ, ಊರಲ್ಲಿ ಯಾರೋ ತಪ್ಪು ಮಾಡಿದ್ದಾರೆ ಅಂತ ಹಿರಿಯರು ಮಾತಾಡಿಕೊಂಡು ಪೂಜೆ ಇಟ್ಟರು. ಕಡಿಸಿದ್ದು ಯಾರೆಂದು ಗೊತ್ತಿದ್ದವರೂ ಪಟೇಲರ ಮನೆಯವನ ಹೆಸರು ಎತ್ತಲಿಲ್ಲ. ಮಾವ ತೀರಿಕೊಂಡಿದ್ದರು. ಊರ ಪರವಾಗಿ ತಪ್ಪುಗಾಯಿ ಒಡೆಯಲು ನನ್ನನ್ನೇ ಮುಂದೆ ನಿಲ್ಲಿಸಿದರು. ಒಡೆದೆ.

ಆಮೇಲೆ ಒಬ್ಬ ಹಿರಿಯರು ಜೇನಿನವನನ್ನು ಕರೆದು, ಆ ಇಳಿಜಾರು ನಿನಗೆ ಗೊತ್ತಲ್ಲ, ಏನಾಯ್ತೋ ಅಂತ ಕೇಳಿದರು. ಕಡಿದ ಆಳುಗಳಲ್ಲಿ ಇಬ್ಬರು ಅಲ್ಲೇ ನಿಂತು ನೆಲ ನೋಡುತ್ತಿದ್ದರು. ಅವನು ನನ್ನ ಕಡೆ ತಿರುಗಿಯೂ ನೋಡದೆ ಹೇಳಿದ:

"ಆ ವರ್ಷ ಬೀಜ ಕಟ್ನಿಲ್ಲ ಕಣ್ರಪ್ಪಾ."

ನಾನೇ ಕಡಿಸಿದ್ದು ಅನ್ನುವ ಎರಡು ಪದ ನನ್ನ ಬಾಯಿಂದ ಬರಲಿಲ್ಲ. ಕಾಯಿಹೋಳು ಹಂಚುತ್ತಾ ಬಂದರು. ಪಟೇಲ ಅಂತ ಮೊದಲ ಹೋಳು ನನಗೇ ಕೊಟ್ಟರು. ಅವನ ಎದುರಿಗೇ ನಿಂತು ತಿಂದೆ.