ಟೈಲರ್ ಮಾವನ ತಕರಾರು
ಬೀದಿಗೆಲ್ಲ ಬೇಕಾದ ಟೈಲರ್ ಮಾವ, ವಿಜ್ಞಾನದ ಮಾತೆತ್ತಿದರೆ ಸಾಕು, ಕತ್ತರಿ ಕೆಳಗಿಟ್ಟು ವಾದಕ್ಕೆ ನಿಲ್ಲುತ್ತಿದ್ದ. ಅಳತೆ ಕೊಡಲು ಬಂದವರು ಕೈಯೆತ್ತಿಕೊಂಡೇ ಕೇಳಬೇಕು. "ಭೂಮಿ ತಿರುಗುತ್ತಂತೆ! ಹಾಗಿದ್ರೆ ಈ ದಾರದುಂಡೆ ಯಾಕೆ ಮೇಜಿಂದ ಉರುಳಲ್ಲ?" ಅವನ ಪ್ರಕಾರ ಕ್ರಿಮಿಗಳು ಸೋಪು ಮಾರುವವರ ಕಟ್ಟುಕಥೆ, ಲಸಿಕೆ ಬರೀ ಬಣ್ಣದ ನೀರು. ಜೀವಮಾನವೆಲ್ಲ ಸೂಜಿ ಹಿಡಿದೇ ಅನ್ನ ತಿಂದವನು, ಮೊಮ್ಮಗಳಿಗೆ ಲಸಿಕೆ ಹಾಕಲು ನರ್ಸಮ್ಮ ಮನೆಗೆ ಬಂದಾಗ ಮಗುವನ್ನು ಅವುಚಿಕೊಂಡು ಬಾಗಿಲಿಗಡ್ಡ ಕೂತುಬಿಟ್ಟ. ನರ್ಸಮ್ಮ ಜಗಳಕ್ಕಿಳಿಯಲಿಲ್ಲ; ಹೊಸ್ತಿಲ ಮೇಲೆ ಪಕ್ಕದಲ್ಲೇ ಕೂತು, "ಯಾಕೆ ಮಾವ, ನಮ್ಮ ಮೇಲೆ ಇಷ್ಟು ಸಿಟ್ಟು?" ಎಂದಳು. ಹಾಗೆ ಯಾರೂ ಕೇಳಿರಲಿಲ್ಲ. ಮಾವನ ದನಿ ಇಳಿಯಿತು. "ನನ್ನ ಹೆಂಡತಿ ಆಸ್ಪತ್ರೆಯಲ್ಲೇ ಹೋಗಿಬಿಟ್ಟಳು. ಅವಳಿಗೆ ಏನಾಗಿತ್ತು ಅಂತ ಕೇಳಿದ್ರೆ, ನಿನಗೆ ಅರ್ಥ ಆಗಲ್ಲ ಹೋಗು ಅಂದ್ರು ಡಾಕ್ಟರು. ಅವತ್ತಿಂದ ಅವರ ಒಂದು ಮಾತೂ ನನಗೆ ಬೇಡ." ನರ್ಸಮ್ಮ ಆಕೆಯ ಕಾಯಿಲೆ ಹೇಗೆ ಶುರುವಾಯಿತು ಎಂಬುದನ್ನೆಲ್ಲ ಕೇಳಿಕೊಂಡು, ಆಕೆಗೆ ಏನಾಗಿದ್ದಿರಬಹುದು, ಯಾಕೆ ಉಳಿಯಲಿಲ್ಲ, ಈ ಲಸಿಕೆ ಏನು ಮಾಡುತ್ತದೆ ಎಂದು ನಿಧಾನವಾಗಿ ಬಿಡಿಸಿ ಹೇಳಿದಳು. ಮಾವ ಕಣ್ಣೊರೆಸಿಕೊಂಡು ಮಗುವಿನ ತೊಡೆಯನ್ನು ತಾನೇ ಮುಂದೆ ಹಿಡಿದ. "ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ, ನನ್ನನ್ನೂ ಮನುಷ್ಯ ಅಂತ ತಿಳಿದು ಹೇಳಿದೆ" ಎಂದು, ಅವಳ ಲಸಿಕೆ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಮುಂದಿನ ಮನೆವರೆಗೂ ನಡೆದ.