ಬಾಗಿಲಿಲ್ಲದ ಕೋಣೆಯ ಕಿವಿ ಮೇಡಂ

ನೇಮಕಾತಿ ಪತ್ರದಲ್ಲಿ ಅವರ ಹುದ್ದೆಯ ಹೆಸರು ಒಂದೂವರೆ ಸಾಲು ಇತ್ತು: ‘ಶಾಲಾ ವಿದ್ಯಾರ್ಥಿಗಳ ಆಪ್ತಸಮಾಲೋಚಕಿ ಹಾಗೂ ಮಾರ್ಗದರ್ಶಕಿ (ತಾತ್ಕಾಲಿಕ).’ ಮಕ್ಕಳು ಅಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಬಿಡುವಿನ ಗಂಟೆ ಮುಗಿದುಹೋಗುತ್ತಿತ್ತು. ಮೊದಲ ವಾರದಲ್ಲೇ ಯಾರೋ ಅದನ್ನು ‘ಕಿವಿ ಮೇಡಂ’ ಎಂದು ಕತ್ತರಿಸಿದರು, ಅದೇ ನಿಂತಿತು. ಬ್ರಾಕೆಟ್ಟಿನೊಳಗಿನ ‘ತಾತ್ಕಾಲಿಕ’ ಮಾತ್ರ ಇಪ್ಪತ್ತೆರಡು ವರ್ಷ ಕಾಯಂ ಆಗಿ ಕೂತಿತ್ತು.

ಸರ್ಕಾರದ ಸುತ್ತೋಲೆಯಲ್ಲಿ ಪ್ರತಿ ಶಾಲೆಗೂ ‘ಸಮಾಲೋಚನೆಗೆ ಪ್ರತ್ಯೇಕ ಕೋಣೆ ಒಂದು, ಮೇಜು ಒಂದು, ಕುರ್ಚಿ ಎರಡು’ ಎಂದಿತ್ತು. ಬಾಗಿಲಿನ ಮಾತಿರಲಿಲ್ಲ. ಅವರಿಗೆ ಸಿಕ್ಕಿದ್ದು ಮೆಟ್ಟಿಲ ಕೆಳಗಿನ ಹಳೆಯ ಆಟದ ಸಾಮಾನಿನ ಕೋಣೆ. ಅದರ ಬಾಗಿಲನ್ನು ಯಾವ ಕಾಲದಲ್ಲೋ ಬಿಚ್ಚಿ, ಇಟ್ಟಿಗೆಯ ಮೇಲೆ ಮಲಗಿಸಿ, ಟೇಬಲ್ ಟೆನ್ನಿಸ್ ಆಡಲು ಬಿಟ್ಟುಕೊಟ್ಟಿದ್ದರು.

“ಸಾರ್, ಒಂದು ಬಾಗಿಲು...” ಎಂದು ಅವರು ವರ್ಷಕ್ಕೊಮ್ಮೆ ಹೆಡ್‌ಮಾಸ್ಟರ ಮುಂದೆ ನಿಲ್ಲುತ್ತಿದ್ದರು.

“ಸುತ್ತೋಲೇಲಿ ಬಾಗಿಲು ಅಂತ ಎಲ್ಲಿದೆ ತೋರ್ಸಿ ಮೇಡಂ, ಈಗ್ಲೇ ಹಾಕಿಸ್ತೀನಿ.”

ಸುತ್ತೋಲೆ ಎಂದ ಮೇಲೆ ಸುತ್ತುವುದು ಇದ್ದದ್ದೇ. ಸುತ್ತಿ ಸುತ್ತಿ ಸಾಕಾಗಿ ಮನೆಯಿಂದ ಅತ್ತೆಯ ಹಳೇ ಹೊದಿಕೆ ತಂದು, ಹಸಿರು ಚೌಕುಳಿಯ ಪರದೆ ಮಾಡಿ ನೇತುಹಾಕಿದರು.

ಆ ಕೋಣೆಗೆ ಎರಡು ವಾಸನೆ ಇತ್ತು: ಹಳೆಯ ಚರ್ಮದ ಚೆಂಡಿನದು, ಆಗಷ್ಟೇ ಹೆರೆದ ಪೆನ್ಸಿಲಿನದು. ಎರಡನೆಯದು ಅವರ ಕಸುಬಿನ ವಾಸನೆ. ಮಗು ಬಂದು ಕೂತೊಡನೆ ಅವರು ಮೆಂಡರ್ ತೆಗೆದು, ಇಡೀ ಶಾಲೆಯ ಮೊಂಡು ಪೆನ್ಸಿಲುಗಳನ್ನು ಒಂದೊಂದಾಗಿ ಚೂಪು ಮಾಡತೊಡಗುತ್ತಿದ್ದರು. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಮಗು ಉತ್ತರ ಕೊಡುತ್ತದೆ; ಕೈಗೊಂದು ಕೆಲಸ ಹಚ್ಚಿಕೊಂಡು ಸುಮ್ಮನೆ ಕೂತರೆ ಮಾತಾಡುತ್ತದೆ. ಸಲಹೆ ಕೊಡುವುದಕ್ಕಿಂತ ಸಲಹುವುದು ವಾಸಿ ಎಂಬುದು ಅವರ ಮತ. ಆ ಶಾಲೆಯ ಮಕ್ಕಳ ಕೈಬರಹ ಚೆನ್ನಾಗಿದ್ದರೆ ಅದರಲ್ಲಿ ಅವರವರ ಮನೆಯ ಜಗಳಕ್ಕೂ ಒಂದು ಪಾಲಿತ್ತು.

ಹೊಸದಾಗಿ ಬಂದ ಪ್ರತಿ ಮಗುವಿಗೂ ಪರದೆ ಎತ್ತುವಾಗಲೇ ಒಂದು ಮಾತು ಹೇಳುತ್ತಿದ್ದರು: “ನೋಡಪ್ಪಾ, ನಿಂಗೆ ಅಪಾಯ ಇದೆ ಅಂತ ಕಂಡ್ರೆ ನಾನು ದೊಡ್ಡೋರಿಗೆ ಹೇಳೇ ಹೇಳ್ತೀನಿ, ಕಾನೂನೂ ಅದನ್ನೇ ಹೇಳುತ್ತೆ. ಅದು ಬಿಟ್ಟು ಇನ್ನೊಂದು ಮಾತೂ ಈ ಪರದೆ ದಾಟಲ್ಲ.”

ಗುಟ್ಟು ಕಾಯಲು ಅವರದೇ ಒಂದು ಪದ್ಧತಿಯೂ ಇತ್ತು. ಟಿಪ್ಪಣಿ ಪುಸ್ತಕದಲ್ಲಿ ಮಗುವಿನ ಹೆಸರು ಬರೆಯುತ್ತಿರಲಿಲ್ಲ. ಕೋಣೆಯ ಕಪಾಟಿನಲ್ಲಿ ಉಳಿದುಹೋಗಿದ್ದ ಆಟದ ಸಾಮಾನಿನಲ್ಲಿ ಮಗು ತನಗೆ ಬೇಕಾದ್ದೊಂದನ್ನು ಆರಿಸಿಕೊಳ್ಳಬೇಕು. ಅಲ್ಲಿಂದಾಚೆಗೆ ಪುಸ್ತಕದಲ್ಲಿ ಅದೇ ಅದರ ಹೆಸರು. ಸ್ಕಿಪ್ಪಿಂಗ್ ಹಗ್ಗಕ್ಕೆ ಗಣಿತದ ಭಯ. ಮುರಿದ ಬ್ಯಾಟಿಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚು. ಹೀಗೆ.

ಒಂದು ವರ್ಷ ಆರನೇ ಕ್ಲಾಸಿನ ಒಬ್ಬಳು ಹುಡುಗಿ ಬಂದಳು. ಕಪಾಟನ್ನೆಲ್ಲ ಜಾಲಾಡಿ, ಗಾಳಿ ಹೋದ ಒಂದು ಚೆಂಡನ್ನು ಎತ್ತಿಕೊಂಡಳು.

“ಅದೇ ಯಾಕೆ ಪುಟ್ಟಿ? ಚೆನ್ನಾಗಿರೋದು ಎಷ್ಟೊಂದಿದೆ.”

“ಇದು ಪುಟಿಯಲ್ಲ ಮೇಡಂ. ಅದಕ್ಕೆ ಇದನ್ನ ಯಾರೂ ಎತ್ಕೊಂಡ್ ಹೋಗಲ್ಲ.”

ಅವಳ ಅಪ್ಪ ಅಮ್ಮ ಬೇರೆಯಾಗುತ್ತಿದ್ದರು. ಮಗಳು ತನ್ನ ಜೊತೆಗೇ ಇರಬೇಕು ಎಂದು ಇಬ್ಬರೂ ಕೋರ್ಟಿಗೆ ಹೋಗಿದ್ದರು. ಜಗಳ ಜೋರಾದ ದಿನ ಅವಳು ಶಾಲೆಯ ಪಕ್ಕದ ಬೀದಿಯಲ್ಲಿದ್ದ ದೊಡ್ಡಮ್ಮನ ಮನೆಯಲ್ಲಿ ಮಲಗುತ್ತಿದ್ದಳು. ವಾರಕ್ಕೊಮ್ಮೆ ಬಂದು ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಮಾತಾಡುತ್ತಿದ್ದಳು. ಪೆನ್ಸಿಲ್ ಸಿಪ್ಪೆ ಮೇಜಿನ ಮೇಲೆ ರಾಶಿ ಬೀಳುತ್ತಿತ್ತು.

ನಾಲ್ಕು ತಿಂಗಳು ಹೀಗೆ ಕಳೆದ ಮೇಲೆ ಶಾಲೆಗೆ ಕೋರ್ಟಿನ ಕಾಗದ ಬಂತು: ಈ ಮಗುವಿನ ಬಗೆಗಿನ ಸಮಾಲೋಚನಾ ದಾಖಲೆಯನ್ನು ಹಾಜರುಪಡಿಸತಕ್ಕದ್ದು. ಅಪ್ಪನ ಲಾಯರೂ ಕೇಳಿದ್ದರು, ಅಮ್ಮನ ಲಾಯರೂ ಕೇಳಿದ್ದರು. ಹದಿಮೂರು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ಒಂದೇ ಮಾತಿಗೆ ಬಂದದ್ದು ಅದೊಂದೇ ಸಲ ಇರಬೇಕು.

ಹೆಡ್‌ಮಾಸ್ಟರು ನಿಯಮದ ಪುಸ್ತಕ ತೆಗೆಸಿದರು. ನಾಲ್ಕನೆಯ ನಿಯಮ, ಮಗು ಹೇಳಿದ್ದು ಗೋಪ್ಯ ಎನ್ನುತ್ತಿತ್ತು. ಒಂಬತ್ತನೆಯದು, ಶಾಲೆಯಲ್ಲಿ ಬರೆದದ್ದೆಲ್ಲ ಶಾಲೆಯ ಸ್ವತ್ತು ಎನ್ನುತ್ತಿತ್ತು. ಒಂದು ಬಾಯಿ ಮುಚ್ಚು ಅಂದರೆ ಇನ್ನೊಂದು ಕಪಾಟು ತೆಗೆ ಅನ್ನುತ್ತಿತ್ತು. ಎರಡಕ್ಕೂ ಒಬ್ಬರೇ ಅಧಿಕಾರಿ ಸಹಿ ಹಾಕಿದ್ದರು.

“ತಲೆ ಕೆಡಿಸ್ಕೋಬೇಡಿ ಸಾರ್, ನಾನು ನೋಡ್ಕೋತೀನಿ,” ಎಂದ ಗುಮಾಸ್ತರು, ಮೇಡಂ ಊಟಕ್ಕೆ ಹೋಗಿದ್ದಾಗ ಪರದೆ ಸರಿಸಿ ಕೋಣೆ ಹೊಕ್ಕರು. ಪುಸ್ತಕದ ಮೊದಲ ಪುಟ ಬಿಡಿಸಿದರು. ಸ್ಕಿಪ್ಪಿಂಗ್ ಹಗ್ಗ, ಪುಟ ಮೂರು. ಮುರಿದ ಬ್ಯಾಟು, ಪುಟ ಹನ್ನೊಂದು. ಗಾಳಿ ಹೋದ ಚೆಂಡು, ಪುಟ ನಲವತ್ತು. ಮೂವತ್ತು ವರ್ಷ ದಾಸ್ತಾನು ಪಟ್ಟಿ ಬರೆದ ಕೈಗೆ ಅಷ್ಟು ಸಾಕಾಯಿತು. ಎರಡನೇ ಪುಟ ತಿರುವಲಿಲ್ಲ. ಸಂಜೆಯೊಳಗೆ ಉತ್ತರ ತಯಾರಾಗಿ, ಹೆಡ್‌ಮಾಸ್ಟರ ಸಹಿಯೂ ಬಿದ್ದಿತು.

“ಕೇಳಿ ಮೇಡಂ,” ಎಂದು ಗುಮಾಸ್ತರು ಹೆಮ್ಮೆಯಿಂದ ಓದಿ ಹೇಳಿದರು. “‘ಸದರಿ ಕೋಣೆಯಲ್ಲಿ ಆಟದ ಸಾಮಾನುಗಳ ಪುಸ್ತಕವೊಂದನ್ನು ಬಿಟ್ಟು ಬೇರೆ ಯಾವ ದಾಖಲೆಯೂ ಇರುವುದಿಲ್ಲ.’ ನಾಳೆ ಬೆಳಿಗ್ಗೆ ಟಪಾಲಿಗೆ. ಅಲ್ಲ, ಇಷ್ಟು ವರ್ಷ ನೀವು ಅಲ್ಲಿ ಕೂತು ಬ್ಯಾಟು ಚೆಂಡು ಲೆಕ್ಕ ಮಾಡ್ತಿದ್ರಾ?”

ಮೇಡಂಗೆ ನಗು ಬಂತು, ನುಂಗಿಕೊಂಡರು. ಸುಮ್ಮನಿದ್ದರೆ ಸಾಕಿತ್ತು. ಪುಸ್ತಕವೂ ಉಳಿಯುತ್ತಿತ್ತು, ಕೊಟ್ಟ ಮಾತೂ ಉಳಿಯುತ್ತಿತ್ತು, ಮುಂದಿನ ತಿಂಗಳು ನವೀಕರಣಕ್ಕೆ ಬರುವ ಬ್ರಾಕೆಟ್ಟಿನ ನೌಕರಿಯೂ ಉಳಿಯುತ್ತಿತ್ತು. ಅಷ್ಟರಲ್ಲಿ ಹೆಡ್‌ಮಾಸ್ಟರು, “ಒಳ್ಳೇದೇ ಆಯ್ತು ಬಿಡಿ. ದಾಖಲೆ ಇಲ್ದಿದ್ರೆ ಆ ಮಗೂನೇ ಕಟಕಟೇಲಿ ನಿಲ್ಲಿಸಿ ಕೇಳ್ತಾರಂತೆ. ನಮ್ಮ ತಲೆ ಮೇಲಂತೂ ಬರಲ್ಲ,” ಎಂದರು.

ಮೇಡಂ ಚೀಲ ಎತ್ತಿಕೊಂಡು ಮನೆಗೆ ಹೊರಟರು.

ಮನೆಯಲ್ಲಿ ಅತ್ತೆಗೆ ಸೊಸೆಯ ಮೇಲೆ ಒಂದು ಹಳೆಯ ದೂರಿತ್ತು. ಊರಿನ ಅರ್ಧ ಮನೆಗಳ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತಾಳೆ, ಒಂದು ಚೂರೂ ಬಡಿಸುವುದಿಲ್ಲ! ಅವತ್ತು ಮಾತ್ರ ಮುಖ ನೋಡಿಯೇ ಕೇಳಿದರು: “ಏನೇ, ಇವತ್ತಿಂದು ಅರಗಲಿಲ್ವಾ?”

“ಅರಗಿಸ್ಕೊಂಡ್ರೆ ಸುಳ್ಳಾಗುತ್ತೆ, ಉಗುಳಿದ್ರೆ ದ್ರೋಹ ಆಗುತ್ತೆ ಅತ್ತೆ. ಏನ್ ಮಾಡ್ಲಿ?”

ಅತ್ತೆ ಕನ್ನಡಕ ಒರೆಸಿಕೊಂಡರು. “ಅದು ನಿನ್ನ ಗುಟ್ಟಾ?”

“ಅಲ್ಲ. ಒಂದು ಮಗೂದು. ದೊಡ್ಡೋರೆಲ್ಲ ಅದರ ಹಿಂದೆ ಬಿದ್ದಿದಾರೆ.”

“ಮತ್ತೆ ನನ್ನನ್ಯಾಕೆ ಕೇಳ್ತೀಯಾ? ಯಾರದ್ದೋ ಅವರನ್ನೇ ಕೇಳು. ಎಲ್ಲಾ ಸೇರಿ ಆ ಮಗೂ ವಿಷಯಾನೇ ಮಾತಾಡ್ತಿದೀರಿ, ಮಗೂನ ಯಾರಾದ್ರೂ ಕೇಳಿದೀರಾ?”

ಮರುದಿನ ಬೆಳಿಗ್ಗೆ ಟಪಾಲು ಹೋಗುವ ಮೊದಲೇ ಮೇಡಂ ಗುಮಾಸ್ತರ ಮೇಜಿನಿಂದ ಆ ಲಕೋಟೆ ಎತ್ತಿಕೊಂಡರು. “ಅದು ದಾಸ್ತಾನು ಪಟ್ಟಿ ಅಲ್ಲ ಸಾರ್, ಮಕ್ಕಳು,” ಎಂದಷ್ಟೇ ಹೇಳಿದರು. ಗುಮಾಸ್ತರ ಮುಖ ಪುಟ ನಲವತ್ತರ ಚೆಂಡಿನಂತಾಯಿತು.

ಪ್ರಾರ್ಥನೆಯ ಗಂಟೆಗೆ ಮುಂಚೆ ಹುಡುಗಿಯನ್ನು ಕೂರಿಸಿಕೊಂಡರು. ಕೋರ್ಟು ಪುಸ್ತಕ ಕೇಳಿದೆ, ಇಲ್ಲ ಎಂದು ಸುಳ್ಳು ಹೇಳಲು ತಮ್ಮಿಂದಾಗದು, ಆದರೆ ಅವಳನ್ನು ಕೇಳದೆ ಕೊಡುವುದೂ ಆಗದು ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಅವತ್ತು ಮೆಂಡರ್ ಮುಟ್ಟಲಿಲ್ಲ.

ಹುಡುಗಿ ಚೆಂಡನ್ನು ಒತ್ತುತ್ತ ಯೋಚಿಸಿದಳು. “ಅಪ್ಪ ಓದಿದ್ರೆ ಅಳ್ತಾರೆ ಮೇಡಂ. ಅಮ್ಮ ಓದಿದ್ರೆ ಬೈತಾರೆ, ಆಮೇಲೆ ಅಳ್ತಾರೆ.”

“ಮತ್ತೆ?”

“ಜಡ್ಜ್ ಓದಿದ್ರೆ?”

“ಅವರು ಅಳಲ್ಲ. ಅವರ ಕೆಲಸಾನೇ ಕೇಳೋದು.”

“ಹಾಗಾದ್ರೆ ಓದೋದು ಬೇಡ, ನಾನೇ ಹೇಳ್ತೀನಿ. ಅವರೊಬ್ರಿಗೇ. ಆದ್ರೆ ನೀವು ಪಕ್ಕದಲ್ಲಿ ಕೂತು ಪೆನ್ಸಿಲ್ ಹೆರೀಬೇಕು. ಇಲ್ದಿದ್ರೆ ನಂಗೆ ಮಾತು ಬರಲ್ಲ.”

ಕೋರ್ಟಿನಲ್ಲಿ ಮೇಡಂ ಪುಸ್ತಕವನ್ನು ಕಂದು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ನ್ಯಾಯಾಧೀಶರ ಮುಂದಿಟ್ಟರು. “ಬಚ್ಚಿಟ್ಟಿಲ್ಲ ಸ್ವಾಮಿ, ತಂದಿದೀನಿ. ಇದರಲ್ಲಿ ಇನ್ನೂ ಇಪ್ಪತ್ತು ಮಕ್ಕಳ ಮಾತಿದೆ. ಯಾರಿಗೂ ಅಪಾಯ ಇಲ್ಲ. ಇದ್ದಿದ್ರೆ ಯಾವತ್ತೋ ನಾನೇ ಬಂದು ಹೇಳ್ತಿದ್ದೆ. ಇದನ್ನ ಒಡೆಯೋಕೆ ಮುಂಚೆ ಆ ಮಗು ಬಾಯಲ್ಲೇ ಕೇಳಿ. ನಿಮ್ಮ ಕೋಣೇಲಿ, ಬಾಗಿಲು ಹಾಕ್ಕೊಂಡು.”

ಅಪ್ಪನ ಲಾಯರು ಎದ್ದರು. “ಕಾಯ್ದೆ ಪ್ರಕಾರ ದಾಖಲೆ ಓದಲೇಬೇಕು...”

“ಕಾಯ್ದೆ ಇರೋದು ಕಾಯೋದಕ್ಕೆ, ಕೂತ್ಕೊಳ್ಳಿ,” ಎಂದರು ನ್ಯಾಯಾಧೀಶರು. ಲಕೋಟೆಯನ್ನು ಒಡೆಯದೆ ಪಕ್ಕಕ್ಕಿಟ್ಟರು.

ಅವರ ಕೋಣೆಯಲ್ಲಿ ದಪ್ಪ ಪುಸ್ತಕಗಳಿದ್ದವು, ಒಂದು ಹೂಜಿ ಇತ್ತು, ಭಾರವಾದ ಮರದ ಬಾಗಿಲಿತ್ತು. ಮೇಡಂ ಮೂಲೆಯ ಕುರ್ಚಿಯಲ್ಲಿ ಕೂತು, ಸೆರಗಿನಲ್ಲಿ ಸಿಪ್ಪೆ ಹಿಡಿಯುತ್ತ, ಚೀಲದಿಂದ ಒಂದೊಂದೇ ಪೆನ್ಸಿಲ್ ತೆಗೆದರು. ಕರಕರ ಸದ್ದಿಗೆ ಹುಡುಗಿ ಬಾಯಿ ಬಿಟ್ಟಳು. ಸ್ವಲ್ಪ ಹೊತ್ತಿಗೆ ನ್ಯಾಯಾಧೀಶರೂ ಅವಳ ಮುಖ ನೋಡುವುದನ್ನು ಬಿಟ್ಟು, ತಮ್ಮ ಕೆಂಪು ಪೆನ್ಸಿಲನ್ನು ಸದ್ದಿಲ್ಲದೆ ಮೇಡಂ ಕಡೆ ಉರುಳಿಸಿದರು. ಅವಳು ಏನು ಹೇಳಿದಳು ಎಂಬುದು ಇಲ್ಲಿ ಬೇಡ. ಅದು ಪರದೆಯ ಒಳಗಿನ ಮಾತು.

ಹೊರಡುವಾಗ ನ್ಯಾಯಾಧೀಶರು ಲಕೋಟೆಯನ್ನು ಅರಗಿನ ಸಮೇತ ಹಿಂದಿರುಗಿಸಿ ಕೇಳಿದರು: “ಶಾಲೇಲಿ ನಿಮ್ಮ ಕೋಣೆಗೆ ಬಾಗಿಲು ಇದೆ ತಾನೇ?”

“ಪರದೆ ಇದೆ ಸ್ವಾಮಿ.”

ಆದೇಶದಲ್ಲಿ ಎರಡು ಅಂಶಗಳಿದ್ದವು. ಶಾಲೆಯ ದಿನಗಳಲ್ಲಿ ಹುಡುಗಿ ಪಕ್ಕದ ಬೀದಿಯ ದೊಡ್ಡಮ್ಮನ ಮನೆಯಲ್ಲಿರತಕ್ಕದ್ದು. ರಜಾದಿನಗಳು ಅಪ್ಪನಿಗೊಂದು ಸಲ, ಅಮ್ಮನಿಗೊಂದು ಸಲ. ಎರಡನೆಯದು ಸದರಿ ಕೋಣೆಗೆ ಬಾಗಿಲು. ಹೆಡ್‌ಮಾಸ್ಟರು ಆ ಸಾಲನ್ನು ಮೂರು ಸಲ ಓದಿದರು. “ಈಗ ಸರಿ ಮೇಡಂ, ಬರವಣಿಗೇಲಿ ಬಂತಲ್ಲ!” ಎಂದು, ಟೇಬಲ್ ಟೆನ್ನಿಸ್ ಆಡುತ್ತಿದ್ದವರನ್ನು ಎಬ್ಬಿಸಿ, ಅದೇ ಹಳೇ ಬಾಗಿಲನ್ನು ತಂದು ಕೂರಿಸಿದರು. ಮಧ್ಯದಲ್ಲಿ ನೆಟ್ಟಿಗೆ ಎಳೆದಿದ್ದ ಬಿಳಿ ಗೆರೆ ಕೊನೆಯವರೆಗೂ ಅಳಿಸಿಹೋಗಲಿಲ್ಲ.

ನಿವೃತ್ತಿಯಾಗಿ ಎಷ್ಟೋ ವರ್ಷವಾದ ಮೇಲೂ, ಮೊಮ್ಮಗಳ ಪೆನ್ಸಿಲ್ ಹೆರೆಯುವಾಗ ಮೇಡಂ ಮೂಗಿಗೆ ಆ ಕೋಣೆಯೇ ಬರುತ್ತಿತ್ತು. ಅದರ ಜೊತೆಗೆ ಆ ಹುಡುಗಿ ಕೊನೆಯ ಸಲ ಬಂದ ಮಧ್ಯಾಹ್ನ. ಪಿ.ಟಿ. ಮಾಸ್ಟರ ಹತ್ತಿರ ಪಂಪು ಕೇಳಿ ತಂದು, ಚೆಂಡಿಗೆ ಗಾಳಿ ತುಂಬಿ, ಒಂದು ಸಲ ನೆಲಕ್ಕೆ ಬಡಿದು ನೋಡಿದ್ದಳು.

“ಪುಟಿಯುತ್ತೆ ಮೇಡಂ.”

“ಹುಷಾರು ಮತ್ತೆ, ಯಾರಾದ್ರೂ ಎತ್ಕೊಂಡ್ ಹೋಗ್ತಾರೆ.”

“ಹೋಗ್ಲಿ ಬಿಡಿ,” ಎಂದಿದ್ದಳು, ಬಾಗಿಲು ಎಳೆದುಕೊಳ್ಳುತ್ತ. “ಆಡಿ ಆದ್ಮೇಲೆ ಇಲ್ಲಿಗೇ ತಾನೇ ತಂದಿಡೋದು?”